ಆನ್ ಆದರೆ ಸಾಲದು: ಹಳೆಯ ಸರ್ವರ್ ಸಜ್ಜುಗೊಳಿಸಿ ಪರೀಕ್ಷಿಸುವ ಕ್ರಮ

ಪವರ್ ಗುಂಡಿ ಒತ್ತಿದಾಗ ಫ್ಯಾನ್ ಗಿರ್ರೆಂದಿತು, ಬಯಾಸ್ ಬಂತು, ಲಿನಕ್ಸ್ ಎದ್ದಿತು. ಹಳೆ ಮಾಲಿನ ವ್ಯಾಪಾರದಲ್ಲಿ ಎಷ್ಟೋ ಸಲ ಇಷ್ಟಕ್ಕೇ 'ಟೆಸ್ಟೆಡ್ ಓಕೆ' ಚೀಟಿ ಬೀಳುತ್ತದೆ. ಡೆಸ್ಕ್‌ಟಾಪ್‌ಗೆ ಇದು ಅರ್ಧ ಪರೀಕ್ಷೆ. ಸರ್ವರ್‌ಗೆ ಪರೀಕ್ಷೆಯೇ ಅಲ್ಲ.

ಏಕೆಂದರೆ ಸರ್ವರನ್ನು ಕಟ್ಟುವುದೇ ಏನಾದರೊಂದು ಕೆಟ್ಟರೂ ನಿಲ್ಲದೆ ಓಡಲಿ ಎಂದು. ಮೆಮೊರಿಯಲ್ಲಿ ಒಂದು ಬಿಟ್ ತಪ್ಪಿದರೆ ಇಸಿಸಿ ಎಂಬ ದೋಷ ತಿದ್ದುವ ವ್ಯವಸ್ಥೆ ಸದ್ದಿಲ್ಲದೆ ತಿದ್ದಿಬಿಡುತ್ತದೆ. ಒಂದು ಪವರ್ ಸಪ್ಲೈ ಸತ್ತರೆ ಇನ್ನೊಂದು ಪೂರ್ತಿ ಹೊರೆ ಹೊರುತ್ತದೆ. ಒಂದು ಫ್ಯಾನ್ ನಿಂತರೆ ಉಳಿದವು ಜೋರಾಗಿ ತಿರುಗುತ್ತವೆ, ಒಂದು ಡಿಸ್ಕ್ ಹೋದರೆ ಹಲವು ಡಿಸ್ಕ್‌ಗಳನ್ನು ಒಂದಾಗಿ ಜೋಡಿಸುವ ರೇಡ್ ನಿಭಾಯಿಸುತ್ತದೆ. ಯಂತ್ರ ತನ್ನ ಕಾಯಿಲೆಯನ್ನು ತಾನೇ ಮುಚ್ಚಿಕೊಂಡು ಓಡುತ್ತಿರುತ್ತದೆ. ಆ ಹೊದಿಕೆಗಳನ್ನು ಒಂದೊಂದಾಗಿ ತೆಗೆದು ನೋಡುವುದೇ ಮರುಬಳಕೆಗೆ ಸಜ್ಜು ಮಾಡುವವರ ಕೆಲಸ. ಇಸಿಸಿ ಎಷ್ಟು ಸಲ ತಿದ್ದಿದೆ ಎಂದು ಎಣಿಸಬೇಕು, ಒಂದು ಪವರ್ ಸಪ್ಲೈ ಕಿತ್ತು ನೋಡಬೇಕು, ಡಿಸ್ಕನ್ನು ರೇಡ್‌ನ ಆಚೆ ನಿಲ್ಲಿಸಿ ಮಾತಾಡಿಸಬೇಕು.

ಇಲ್ಲಿನ ವಿವರಗಳಿಗೆ ಡೆಲ್ ಪವರ್‌ಎಡ್ಜ್ ಆರ್730 ಅನ್ನು ಮಾದರಿಯಾಗಿ ಇಟ್ಟುಕೊಂಡಿದ್ದೇವೆ. 2014ರಲ್ಲಿ ಮಾರುಕಟ್ಟೆಗೆ ಬಂದ 2ಯು (ರ‍್ಯಾಕ್‌ನಲ್ಲಿ ಎರಡು ಘಟಕದ ಎತ್ತರದ) ಯಂತ್ರ ಇದು. ಇಂಟೆಲ್ ಜಿಯಾನ್ ಇ5-2600 ಸರಣಿಯ ವಿ3 ಅಥವಾ ವಿ4 ಪ್ರೊಸೆಸರ್ ಎರಡು, ಡಿಡಿಆರ್4 ಮೆಮೊರಿಗೆ 24 ಸ್ಲಾಟ್, 6 ಫ್ಯಾನ್, 2 ಪವರ್ ಸಪ್ಲೈ. ಐಟಿ ಕಂಪನಿಗಳು ಕೆಲವು ವರ್ಷಕ್ಕೊಮ್ಮೆ ಯಂತ್ರ ಬದಲಿಸುವ ಬೆಂಗಳೂರಿನಂಥ ಊರಿನಲ್ಲಿ ಈ ಪೀಳಿಗೆಯ ಸರ್ವರ್‌ಗಳು ಧಾರಾಳವಾಗಿ ಹೊರಬೀಳುತ್ತವೆ. ಎಚ್‌ಪಿ ಡಿಎಲ್380 ಜೆನ್9 ಕೂಡ ಇದೇ ಪ್ರೊಸೆಸರ್‌ಗಳ ಯಂತ್ರ. ಗುಂಡಿ, ಮೆನುಗಳ ಹೆಸರು ಬೇರೆ, ಪರೀಕ್ಷೆಯ ಕ್ರಮ ಒಂದೇ.

ಮೇಜು, ಅರ್ತಿಂಗ್, ಸಾಮಾನು

ಮೊದಲು ಗೋಡೆಯ ಸಾಕೆಟ್ ಪರೀಕ್ಷಿಸಿ. ಮಲ್ಟಿಮೀಟರ್‌ನಲ್ಲಿ ಫೇಸ್‌ನಿಂದ ಅರ್ತ್‌ಗೆ ಸುಮಾರು 230 ವೋಲ್ಟ್, ನ್ಯೂಟ್ರಲ್‌ನಿಂದ ಅರ್ತ್‌ಗೆ 2–3 ವೋಲ್ಟ್ ಒಳಗೆ ಇರಬೇಕು. ನ್ಯೂಟ್ರಲ್ ಮತ್ತು ಅರ್ತ್ ನಡುವೆ 10–20 ವೋಲ್ಟ್ ಕಂಡರೆ ಕೆಲಸ ಅಲ್ಲೇ ನಿಲ್ಲಿಸಿ ಎಲೆಕ್ಟ್ರಿಷಿಯನ್ ಕರೆಸಿ. ಅರ್ತಿಂಗ್ ಕೆಟ್ಟ ಮೇಜಿನ ಮೇಲೆ ಮುಟ್ಟಿದರೆ ಜುಮ್ಮೆನ್ನುವ ಸರ್ವರ್ ಸಿಗುತ್ತದೆ, ಕಾರಣ ಗೊತ್ತಾಗದ ದೋಷಗಳೂ ಸಿಗುತ್ತವೆ. ಎರಡು ಪವರ್ ಸಪ್ಲೈಗೆ ಎರಡು ಬೇರೆ ಸಾಕೆಟ್ ಬೇಕು. ಫರ್ಮ್‌ವೇರ್ (ಯಂತ್ರದ ಚಿಪ್‌ಗಳೊಳಗಿನ ತಂತ್ರಾಂಶ) ಬದಲಿಸುವಾಗ ಮತ್ತು ಡಿಸ್ಕ್ ಫಾರ್ಮ್ಯಾಟ್ ಮಾಡುವಾಗ ಕರೆಂಟ್ ಹೋದರೆ ನಷ್ಟ ದೊಡ್ಡದು, ಆದ್ದರಿಂದ ಯುಪಿಎಸ್ ಇರಲೇಬೇಕು.

ಉಳಿದ ಸಾಮಾನು: 2ನೇ ನಂಬರಿನ ಫಿಲಿಪ್ಸ್ ಸ್ಕ್ರೂಡ್ರೈವರ್, 1 ಮೆಗಾಓಮ್ ರೆಸಿಸ್ಟರ್ ಇರುವ ಆಂಟಿಸ್ಟ್ಯಾಟಿಕ್ ಮಣಿಕಟ್ಟಿನ ಪಟ್ಟಿ, ಬ್ಲೋವರ್, ಮೆತ್ತನೆಯ ಪೇಂಟ್ ಬ್ರಷ್, 99 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲ್, ನೂಲು ಬಿಡದ ಬಟ್ಟೆ, ಥರ್ಮಲ್ ಪೇಸ್ಟ್, ಸಿಆರ್2032 ಸೆಲ್‌ಗಳು, ಚೂಪು ಬೆಳಕಿನ ಟಾರ್ಚು. ಆರ್730ಗೆ ವಿಜಿಎ ಔಟ್‌ಪುಟ್ ಮಾತ್ರ ಇರುವುದರಿಂದ ಆ ಕೇಬಲ್ ಇರುವ ಮಾನಿಟರ್ ಒಂದು. ಡಿಸ್ಕ್ ತುಂಬಿದ ಯಂತ್ರ 30 ಕಿಲೋ ದಾಟುತ್ತದೆ. ಇಬ್ಬರು ಸೇರಿ ಎತ್ತಿ, ಇಲ್ಲವೇ ಡಿಸ್ಕ್ ಮತ್ತು ಪವರ್ ಸಪ್ಲೈ ಹೊರತೆಗೆದು ಎತ್ತಿ.

ತೆರೆಯುವ ಮುಂಚೆ ಕಾಗದ ನೋಡಿ. ಹಿಂದಿನ ಮಾಲೀಕರ ಇನ್‌ವಾಯ್ಸ್ ಅಥವಾ ವಿಲೇವಾರಿ ಪತ್ರ ಇಲ್ಲದ ಯಂತ್ರವನ್ನು ಮೇಜಿಗೆ ಏರಿಸಬೇಡಿ. 7 ಅಕ್ಷರದ ಸರ್ವಿಸ್ ಟ್ಯಾಗ್ ಬರೆದುಕೊಳ್ಳಿ. ಮುಂದೆ ಬಯಾಸ್‌ನಲ್ಲಿ ಕಾಣುವ ಟ್ಯಾಗ್ ಇದಕ್ಕೆ ಹೊಂದದಿದ್ದರೆ ಮದರ್‌ಬೋರ್ಡ್ ಬದಲಾಗಿದೆ ಎಂದರ್ಥ. ಅದು ತಪ್ಪೇನಲ್ಲ. ಆದರೆ ಐಡ್ರಾಕ್ ಎಂಬ ನಿರ್ವಹಣಾ ಚಿಪ್‌ನ ಲೈಸೆನ್ಸ್ ಟ್ಯಾಗ್‌ಗೆ ಅಂಟಿಕೊಂಡಿರುವುದರಿಂದ ವರದಿಯಲ್ಲಿ ಬರೆಯಲೇಬೇಕು.

ಕರೆಂಟ್ ಕೊಡುವ ಮುಂಚಿನ ನೋಟ

ಮುಚ್ಚಳ ತೆಗೆದು ಒಂದೈದು ನಿಮಿಷ ಸುಮ್ಮನೆ ನೋಡಿ. ಸಾಗಣೆಯಲ್ಲಿ ಹೀಟ್‌ಸಿಂಕ್ ಸಡಿಲವಾಗಿದೆಯೇ, ಪಿಸಿಐ ಕಾರ್ಡ್‌ಗಳನ್ನು ಹಿಡಿಯುವ ರೈಸರ್ ಕಾರ್ಡ್ ಸ್ಲಾಟಿನಿಂದ ಎದ್ದಿದೆಯೇ, ಎಲ್ಲಾದರೂ ಬಿದ್ದ ಸ್ಕ್ರೂ ಇದೆಯೇ? ಗೋದಾಮಿನಲ್ಲಿ ವರ್ಷಗಟ್ಟಲೆ ಇದ್ದ ಯಂತ್ರದೊಳಗೆ ಇರುವೆ, ಜಿರಲೆ, ಹಲ್ಲಿ ಮೊಟ್ಟೆ ಇರುವುದು ಅಪರೂಪವಲ್ಲ. ಹಲ್ಲಿ ಹಿಕ್ಕೆ ಬಿದ್ದ ಜಾಗದಲ್ಲಿ ತಾಮ್ರ ಹಸಿರುಗಟ್ಟಿರುತ್ತದೆ. ಕರಾವಳಿಯಿಂದ ಬಂದ ಯಂತ್ರದಲ್ಲಿ ಕನೆಕ್ಟರ್‌ಗಳ ಅಂಚು, ಹೊರಗಿನ ಪೋರ್ಟ್‌ಗಳ ಲೋಹವನ್ನು ವಿಶೇಷವಾಗಿ ನೋಡಿ. ಬಿಳಿ ಅಥವಾ ಹಸಿರು ಪುಡಿ ಮೇಲೆ ಕಂಡರೆ ಒಳಗೂ ಹಬ್ಬಿರುವ ಸಾಧ್ಯತೆ ಹೆಚ್ಚು. ಮದರ್‌ಬೋರ್ಡಿನ ಮೇಲೆ ನೀರು ಒಣಗಿದ ಗೆರೆ ಕಂಡರೆ ಆ ಬೋರ್ಡ್ ಬಿಡಿಭಾಗದ ಲೆಕ್ಕಕ್ಕೆ ಹೋಗಲಿ. ಅದು ಇವತ್ತು ಓಡಬಹುದು, ಆರು ತಿಂಗಳಿಗೆ ಕೈ ಕೊಡುತ್ತದೆ.

ಧೂಳು ಊದುವುದನ್ನು ಹೊರಗೆ ಮಾಡಿ, ಮಾಸ್ಕ್ ಹಾಕಿಕೊಳ್ಳಿ. ಫ್ಯಾನ್‌ಗಳನ್ನು ಬಿಚ್ಚಿಟ್ಟು ರೆಕ್ಕೆಯನ್ನು ಬೆರಳಿನಿಂದ ಹಿಡಿದು ಊದಿ. ಬ್ಲೋವರ್ ಗಾಳಿಗೆ ರೆಕ್ಕೆ ಮಿತಿಮೀರಿ ತಿರುಗಿದರೆ ಬೇರಿಂಗ್ ಸವೆಯುತ್ತದೆ. ಬೋರ್ಡಿಗೆ ಸಿಕ್ಕಿಸಿಯೇ ಊದಿದರೆ ಮೋಟಾರ್ ಜನರೇಟರ್ ಆಗಿ ಬೋರ್ಡಿಗೆ ಕರೆಂಟ್ ತಳ್ಳುತ್ತದೆ. ಪವರ್ ಸಪ್ಲೈಯನ್ನು ಹೊರಗಿನಿಂದ ಊದಿದರೆ ಸಾಕು, ಬಿಚ್ಚಬೇಡಿ. ಒಳಗಿನ ಕೆಪಾಸಿಟರ್ ಪ್ಲಗ್ ಕಿತ್ತ ಮೇಲೂ ಜೀವ ತೆಗೆಯುವಷ್ಟು ಚಾರ್ಜ್ ಹಿಡಿದಿರಬಹುದು.

ರ‍್ಯಾಮ್ ಕಡ್ಡಿಯ ಚಿನ್ನದ ಪಟ್ಟಿಯನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜುವ ಅಭ್ಯಾಸ ನಮ್ಮ ರಿಪೇರಿ ಅಂಗಡಿಗಳಲ್ಲಿ ಬಹಳ ಹಳೆಯದು. ದಯವಿಟ್ಟು ಸರ್ವರ್ ರ‍್ಯಾಮ್‌ಗೆ ಇದನ್ನು ಮಾಡಬೇಡಿ. ಚಿನ್ನದ ಲೇಪ ಅತಿ ತೆಳು, ರಬ್ಬರ್ ಅದನ್ನು ಸವೆಸುತ್ತದೆ. ಉದುರಿದ ಪುಡಿ ಸ್ಲಾಟಿನೊಳಗೆ ಕೂತು ಹೊಸ ದೋಷ ಹುಟ್ಟಿಸುತ್ತದೆ. ಬಟ್ಟೆಗೆ ಆಲ್ಕೋಹಾಲ್ ಹಾಕಿ ಪಟ್ಟಿಯ ಉದ್ದಕ್ಕಲ್ಲ, ಅಂಚಿನ ಕಡೆಗೆ ಎಳೆದು ಒರೆಸಿ. ಬಟ್ಟೆಗೆ ಕಪ್ಪು ಹತ್ತುವುದು ನಿಲ್ಲುವವರೆಗೆ ಒರೆಸಿದರೆ ಸಾಕು.

ಮೊದಲ ಬಾರಿ ಆನ್ ಮಾಡಿದಾಗ: ದಾಖಲೆ ಓದಿ, ಅಳಿಸಬೇಡಿ

ಹಳೆಯ ಸರ್ವರಿನ ಆರೋಗ್ಯದ ಜಾತಕ ಅದರ ಸಿಸ್ಟಮ್ ಈವೆಂಟ್ ಲಾಗ್‌ನಲ್ಲಿದೆ. ಐಡ್ರಾಕ್ ಇದನ್ನು ಬರೆದಿಡುತ್ತದೆ. ಎಷ್ಟೋ ಮಂದಿ ಎಚ್ಚರಿಕೆ ದೀಪ ಆರಿಸಲು ಮೊದಲು ಲಾಗ್ ಅಳಿಸಿಬಿಡುತ್ತಾರೆ. ಅಲ್ಲಿಗೆ ಅತ್ಯುತ್ತಮ ಸಾಕ್ಷಿಯೇ ಹೋಯಿತು.

ಐಡ್ರಾಕ್‌ನ ಕಾರ್ಖಾನೆ ವಿಳಾಸ 192.168.0.120, ಬಳಕೆದಾರ ಹೆಸರು ರೂಟ್, ಪಾಸ್‌ವರ್ಡ್ ಕ್ಯಾಲ್ವಿನ್. ಅದು ಒಪ್ಪದಿದ್ದರೆ ಎಫ್2 ಒತ್ತಿ ಸೆಟಪ್‌ಗೆ ಹೋಗಿ ಐಡ್ರಾಕ್ ಸೆಟ್ಟಿಂಗ್ಸ್‌ನಲ್ಲಿ ಡೀಫಾಲ್ಟ್‌ಗೆ ಮರಳಿಸಿ. ಮುಂಭಾಗದ 'ಐ' ಗುರುತಿನ ಗುಂಡಿಯನ್ನು ಹದಿನಾರು ಸೆಕೆಂಡ್ ಒತ್ತಿ ಹಿಡಿದರೆ ಐಡ್ರಾಕ್ ಮರುಚಾಲೂ ಆಗುತ್ತದೆ ಅಷ್ಟೇ, ಪಾಸ್‌ವರ್ಡ್ ಹೋಗುವುದಿಲ್ಲ. ಸೆಟಪ್‌ಗೇ ಪಾಸ್‌ವರ್ಡ್ ಇದ್ದರೆ ಮದರ್‌ಬೋರ್ಡಿನಲ್ಲಿ ಪಾಸ್‌ವರ್ಡ್ ರದ್ದುಮಾಡುವ ಜಂಪರ್ ಇದೆ, ಜಾಗ ಮುಚ್ಚಳದ ಒಳಗಿನ ಚಿತ್ರದಲ್ಲಿರುತ್ತದೆ. ಜಂಪರ್ ಸರಿಸಿ ಒಮ್ಮೆ ಬೂಟ್ ಮಾಡಿ, ಮತ್ತೆ ಮೊದಲಿನ ಜಾಗಕ್ಕೆ ತನ್ನಿ.

ಲಾಗನ್ನು ಮೊದಲು ಫೈಲಿಗೆ ಉಳಿಸಿ, ಆಮೇಲೆ ನಿಧಾನವಾಗಿ ಓದಿ. ಕೇಸ್ ತೆರೆದ ಎಚ್ಚರಿಕೆಗಳನ್ನು ಬಿಟ್ಟುಬಿಡಿ. ಪವರ್ ರಿಡಂಡೆನ್ಸಿ (ಎರಡನೇ ಪವರ್ ಸಪ್ಲೈನ ಆಸರೆ) ಹೋಯಿತು ಎಂಬ ಸಾಲು ಯಂತ್ರ ಕಳಚಿದ ದಿನದ್ದಾದರೆ ಯಾರೋ ಕೇಬಲ್ ಕಿತ್ತಿದ್ದಾರೆ ಅಷ್ಟೇ. ಅದೇ ಸಾಲು ತಿಂಗಳುಗಟ್ಟಲೆ ಆಗಾಗ ಬಂದಿದ್ದರೆ ಆ ಪವರ್ ಸಪ್ಲೈ ಮೇಲೆ ಕಣ್ಣಿಡಿ. ಎಂಇಎಂ0701 ಅಥವಾ ಎಂಇಎಂ0702 ಎಂದಿದ್ದರೆ ತಿದ್ದಬಹುದಾದ ಮೆಮೊರಿ ದೋಷ ಮಿತಿ ಮೀರಿದೆ ಎಂದರ್ಥ. ಎಂಇಎಂ0001 ಬಂದಿದ್ದರೆ ತಿದ್ದಲಾಗದ ದೋಷವೇ ಆಗಿದೆ. ಜೊತೆಗೆ ಸ್ಲಾಟಿನ ಹೆಸರೂ ಇರುತ್ತದೆ, ಎ3 ಅಥವಾ ಬಿ7 ಎಂದು. ಪೆನ್ಸಿಲ್‌ನಲ್ಲಿ ಆ ಕಡ್ಡಿಯ ಮೇಲೇ ಬರೆದಿಡಿ. ಪ್ರೊಸೆಸರ್‌ನ ಮಷೀನ್ ಚೆಕ್ (ಪ್ರೊಸೆಸರ್ ತಾನೇ ಕಂಡುಹಿಡಿದ ಹಾರ್ಡ್‌ವೇರ್ ದೋಷ), ಪಿಸಿಐ ಎಕ್ಸ್‌ಪ್ರೆಸ್‌ನ ಗಂಭೀರ ದೋಷ ಇದ್ದರೆ ಆಯಾ ಭಾಗಕ್ಕೆ ಮುಂದಿನ ಪರೀಕ್ಷೆಯ ಸಮಯ ದುಪ್ಪಟ್ಟು ಮಾಡಿ. ತಾರೀಖು ನಡುವೆ ಏಕಾಏಕಿ ವರ್ಷಗಟ್ಟಲೆ ಹಿಂದಕ್ಕೆ ಜಿಗಿದಿದ್ದರೆ ಕಾಯಿನ್ ಸೆಲ್ ಸತ್ತಿದೆ. ಸೆಲ್ 2.8 ವೋಲ್ಟ್‌ಗಿಂತ ಕೆಳಗಿದ್ದರೆ ಬದಲಿಸಿ. ಮೇಲಿದ್ದರೂ ಬದಲಿಸುವುದೇ ಜಾಣತನ. ಹತ್ತು ವರ್ಷದ ಸೆಲ್ಲನ್ನು ಇನ್ನೊಬ್ಬರಿಗೆ ದಾಟಿಸಬೇಡಿ.

ಪ್ರೊಸೆಸರ್, ಸಾಕೆಟ್, ಪೇಸ್ಟ್

ಹಳೆಯ ಪೇಸ್ಟ್ ಒಣಗಿ ಸಿಮೆಂಟಾಗಿರುತ್ತದೆ. ಯಂತ್ರವನ್ನು ಹತ್ತು ನಿಮಿಷ ಓಡಿಸಿ ಬಿಸಿ ಮಾಡಿ, ಆಫ್ ಮಾಡಿ, ಎರಡೂ ಪವರ್ ಕೇಬಲ್ ಕಿತ್ತು ಆಮೇಲೆ ಹೀಟ್‌ಸಿಂಕ್‌ಗೆ ಕೈ ಹಾಕಿ. ಒಂದು ಸ್ಕ್ರೂ ಸಡಿಲಿಸಿ ಅರ್ಧ ನಿಮಿಷ ಕಾಯಿರಿ, ಹೀಟ್‌ಸಿಂಕ್ ತಾನಾಗಿ ಬಿಡಿಸಿಕೊಳ್ಳಲಿ. ನಂತರ ಅದರ ಎದುರು ಮೂಲೆಯ ಸ್ಕ್ರೂ, ಆಮೇಲೆ ಉಳಿದೆರಡು. ಎಡಕ್ಕೆ ಬಲಕ್ಕೆ ಸ್ವಲ್ಪ ತಿರುಗಿಸಿ ಎತ್ತಿ, ನೇರ ಮೇಲಕ್ಕೆ ಕೀಳಬೇಡಿ.

ಈ ಪೀಳಿಗೆಯ ಎಲ್‌ಜಿಎ 2011-3 ಸಾಕೆಟ್‌ನಲ್ಲಿ ಪಿನ್ನುಗಳಿರುವುದು ಬೋರ್ಡಿನ ಕಡೆ. ಕೂದಲಿನಷ್ಟು ತೆಳುವಾದ ಎರಡು ಸಾವಿರ ಪಿನ್ನುಗಳು. ಪ್ರೊಸೆಸರ್ ತೆಗೆದ ಮೇಲೆ ಟಾರ್ಚನ್ನು ಬೋರ್ಡಿಗೆ ಓರೆಯಾಗಿ ಹಿಡಿದು, ಕಣ್ಣನ್ನು ಎದುರು ಕಡೆ ತನ್ನಿ. ಸರಿ ಇರುವ ಪಿನ್ನುಗಳು ರಾಗಿ ಹೊಲದ ಸಾಲಿನಂತೆ ಒಂದೇ ಹೊಳಪಿನಲ್ಲಿ ನಿಂತಿರುತ್ತವೆ. ಬಾಗಿದ ಒಂದು ಪಿನ್ ಆ ಸಾಲಿನಲ್ಲಿ ಕಪ್ಪು ಚುಕ್ಕೆಯಾಗಿಯೋ ಬೇರೆ ದಿಕ್ಕಿಗೆ ಮಿಂಚುವ ಚುಕ್ಕೆಯಾಗಿಯೋ ಎದ್ದು ಕಾಣುತ್ತದೆ. ಟಾರ್ಚನ್ನು ನಾಲ್ಕೂ ಬದಿಯಿಂದ ಹಿಡಿದು ನೋಡಿ, ಏಕೆಂದರೆ ಒಂದೇ ಕೋನದಲ್ಲಿ ಅರ್ಧ ದೋಷಗಳು ತಪ್ಪಿಸಿಕೊಳ್ಳುತ್ತವೆ. ಪೇಸ್ಟ್ ಸಾಕೆಟ್ಟಿಗೆ ಬಿದ್ದಿದ್ದರೆ ಬಟ್ಟೆಯಿಂದ ಒರೆಸಲು ಹೋಗಬೇಡಿ, ಪಿನ್ನು ಬಟ್ಟೆಗೆ ಸಿಕ್ಕಿ ಬಾಗುತ್ತದೆ. ಮೆತ್ತನೆ ಬ್ರಷ್‌ಗೆ ಆಲ್ಕೋಹಾಲ್ ಅದ್ದಿ ಪಿನ್ನು ವಾಲಿರುವ ದಿಕ್ಕಿಗೇ ಸವರಿ, ಪೂರ್ತಿ ಒಣಗಲು ಬಿಡಿ.

ಹೊಸ ಪೇಸ್ಟ್ ಬಟಾಣಿ ಕಾಳಿನಷ್ಟು, ನಡುವಿಗೆ. ಸ್ಕ್ರೂಗಳನ್ನು ಎದುರುಬದುರು ಮೂಲೆಗಳಲ್ಲಿ ಎರಡೆರಡು ಸುತ್ತಿನಂತೆ ಬಿಗಿಯುತ್ತ ಹೋಗಿ. ಒಂದೇ ಸ್ಕ್ರೂವನ್ನು ಪೂರ್ತಿ ಬಿಗಿದರೆ ಪ್ರೊಸೆಸರ್ ಓರೆಯಾಗಿ ಕೂತು ಕೆಲವು ಪಿನ್ನುಗಳ ಮೇಲೆ ಒತ್ತಡ ಬೀಳುವುದಿಲ್ಲ. ಎರಡು ಪ್ರೊಸೆಸರ್‌ಗಳೂ ಒಂದೇ ಮಾಡೆಲ್ ಆಗಿರಬೇಕು. ವಿ3 ಇದ್ದ ಬೋರ್ಡಿಗೆ ವಿ4 ಹಾಕುವುದಾದರೆ ಹಳೆಯ ಪ್ರೊಸೆಸರ್ ಇರುವಾಗಲೇ ಬಯಾಸ್ ಹೊಸದು ಮಾಡಿ. ಇಲ್ಲದಿದ್ದರೆ ಪರದೆ ಕಪ್ಪಾಗಿಯೇ ಉಳಿಯುತ್ತದೆ, ನೀವು ಒಳ್ಳೆಯ ಪ್ರೊಸೆಸರನ್ನು ಕೆಟ್ಟದ್ದೆಂದು ಪಕ್ಕಕ್ಕಿಡುತ್ತೀರಿ.

ಮೆಮೊರಿ: ಹೆಚ್ಚು ಹೊತ್ತು ಕೊಡಬೇಕಾದ ಜಾಗ

ಆರ್730ರಲ್ಲಿ ಪ್ರತಿ ಪ್ರೊಸೆಸರ್‌ಗೆ ನಾಲ್ಕು ಚಾನೆಲ್, ಚಾನೆಲ್‌ಗೆ ಮೂರು ಸ್ಲಾಟ್. ಮೊದಲು ಬಿಳಿ ಲಿವರಿನ ಸ್ಲಾಟ್, ಆಮೇಲೆ ಕಪ್ಪು, ಕೊನೆಗೆ ಹಸಿರು. ಎರಡೂ ಪ್ರೊಸೆಸರ್‌ಗೆ ಸಮನಾಗಿ ಹಂಚಿ. ಆರ್‌ಡಿಮ್ ಮತ್ತು ಎಲ್‌ಆರ್‌ಡಿಮ್ ಎಂಬ ಎರಡು ಬಗೆಯ ಕಡ್ಡಿಗಳನ್ನು ಬೆರೆಸಬೇಡಿ, ಯಂತ್ರ ಬೂಟ್ ಆಗುವುದಿಲ್ಲ.

ತೀರಾ ಸಾಮಾನ್ಯವಾದ ಒಂದು ಸನ್ನಿವೇಶ: 16 ಜಿಬಿಯ 16 ಕಡ್ಡಿ ಹಾಕಿದ್ದೀರಿ, 256 ಜಿಬಿ ಕಾಣಬೇಕು, ಆದರೆ 240 ಕಾಣುತ್ತಿದೆ. ಬಯಾಸ್ ಎ2 ಸ್ಲಾಟ್ ಕೈಬಿಟ್ಟಿದೆ (ಎ ಎಂದರೆ ಮೊದಲ ಪ್ರೊಸೆಸರ್‌ನ ಸ್ಲಾಟ್‌ಗಳು, ಬಿ ಎಂದರೆ ಎರಡನೆಯದರವು). ತಕ್ಷಣ ಆ ಕಡ್ಡಿಯನ್ನು ಕಸಕ್ಕೆ ಹಾಕಬೇಡಿ. ಎ2ರ ಕಡ್ಡಿಯನ್ನು ಬಿ2ಕ್ಕೂ ಬಿ2ರದ್ದನ್ನು ಎ2ಕ್ಕೂ ಅದಲುಬದಲು ಮಾಡಿ. ದೂರು ಬಿ2ಕ್ಕೆ ಬಂದರೆ ಕಡ್ಡಿಯೇ ಕೆಟ್ಟಿದೆ. ದೂರು ಎ2ರಲ್ಲೇ ನಿಂತರೆ ಕಡ್ಡಿ ನಿರಪರಾಧಿ, ಹೀಟ್‌ಸಿಂಕ್ ತೆಗೆದು ಎರಡು ಪ್ರೊಸೆಸರ್‌ಗಳನ್ನು ಅದಲುಬದಲು ಮಾಡಿ. ಈಗ ದೂರು ಬಿ ಕಡೆಗೆ ಹೋದರೆ ಪ್ರೊಸೆಸರಿನ ಮೆಮೊರಿ ಕಂಟ್ರೋಲರ್ ಕೆಟ್ಟಿದೆ ಅಥವಾ ಅದರ ತಳದ ಪ್ಯಾಡಿಗೆ ಪೇಸ್ಟ್ ಅಂಟಿದೆ. ಆಗಲೂ ಎ2ರಲ್ಲೇ ಉಳಿದರೆ ಸಾಕೆಟ್ ಪಿನ್ನು ಇಲ್ಲವೇ ಸ್ಲಾಟು. ಪ್ರೊಸೆಸರ್ ಬಿಚ್ಚಿ ಮತ್ತೆ ಕೂರಿಸಿದಷ್ಟಕ್ಕೇ ದೋಷ ಮಾಯವಾಗುವುದೂ ಉಂಟು. ಹಾಗಾದರೆ ಹೀಟ್‌ಸಿಂಕ್ ಒತ್ತಡ ಸರಿ ಇರಲಿಲ್ಲ ಎಂದು ತಿಳಿಯಿರಿ. ಒಂದು ಸಲಕ್ಕೆ ಒಂದೇ ಬದಲಾವಣೆ, ಪ್ರತಿ ಬದಲಾವಣೆಯನ್ನೂ ಬರೆದಿಡಿ. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದು ಕಾರಣ ಎಂದು ಎಂದಿಗೂ ಗೊತ್ತಾಗುವುದಿಲ್ಲ.

ಪರೀಕ್ಷೆಗೆ ಮೆಮ್‌ಟೆಸ್ಟ್86+ ಉಚಿತ. ಯುಇಎಫ್‌ಐ (ಬಯಾಸ್‌ನ ಹೊಸ ರೂಪ) ಬೂಟ್‌ಗೆ 6ನೇ ಆವೃತ್ತಿ ಅಥವಾ ಅದಕ್ಕಿಂತ ಹೊಸದು ಬೇಕು. 256 ಜಿಬಿಗೆ ಒಂದು ಸುತ್ತು ಮುಗಿಯಲು ಗಂಟೆಗಟ್ಟಲೆ ಹಿಡಿಯುತ್ತದೆ. ಸಂಜೆ ಹಚ್ಚಿ, ಕನಿಷ್ಠ ಎರಡು ಸುತ್ತು ಮುಗಿಸಿ. ಆದರೆ ಇಲ್ಲೊಂದು ಬಲೆ ಇದೆ. ಇಸಿಸಿ ಚಾಲೂ ಇರುವಾಗ ಒಂದು ಬಿಟ್‌ನ ತಪ್ಪು ಪ್ರೋಗ್ರಾಮಿಗೆ ತಲುಪುವ ಮುಂಚೆಯೇ ಸರಿಯಾಗಿರುತ್ತದೆ, ಪರದೆಯ ಮೇಲೆ 'ದೋಷ 0' ಎಂದೇ ಇರುತ್ತದೆ. ಆದ್ದರಿಂದ ಪರದೆಯ ಮೇಲಿನ ಸೊನ್ನೆಯನ್ನು ನಂಬಬೇಡಿ, ಪರೀಕ್ಷೆ ಮುಗಿದ ಮೇಲೆ ಐಡ್ರಾಕ್ ಲಾಗ್ ತೆರೆಯಿರಿ. ಲಾಗ್‌ನಲ್ಲೂ ದೋಷಗಳ ಸಂಖ್ಯೆ ಮಿತಿ ಮೀರಿದಾಗ ಮಾತ್ರ ಸಾಲು ಬೀಳುವುದರಿಂದ, ಲಿನಕ್ಸ್‌ನಲ್ಲಿ ರಾಸ್‌ಡೀಮನ್ ಎಂಬ ಪ್ರೋಗ್ರಾಮ್ ಹಾಕಿ ಒಂದೊಂದು ತಿದ್ದುಪಡಿಯನ್ನೂ ಎಣಿಸುವುದು ಇನ್ನೂ ಭದ್ರ. ನಮ್ಮ ಅಳತೆ ಕಟ್ಟುನಿಟ್ಟು: ತಿದ್ದಲಾಗದ ದೋಷ ಒಂದೇ ಬಂದರೂ ಕಡ್ಡಿ ಹೊರಗೆ. ತಿದ್ದಬಹುದಾದದ್ದು 24 ಗಂಟೆಯಲ್ಲಿ ಒಂದು ಬಂದರೆ ಒರೆಸಿ, ಮತ್ತೆ ಕೂರಿಸಿ, ಇನ್ನೊಂದು 24 ಗಂಟೆ. ಮತ್ತೆ ಬಂದರೆ ಹೊರಗೆ. ಆಸ್ಪತ್ರೆಯಲ್ಲೋ ಶಾಲೆಯಲ್ಲೋ ವರ್ಷಗಟ್ಟಲೆ ನಿಲ್ಲದೆ ಓಡಬೇಕಾದ ಯಂತ್ರಕ್ಕೆ ಇದಕ್ಕಿಂತ ಸಡಿಲ ಅಳತೆ ಸಲ್ಲದು.

ಡಿಸ್ಕ್: ಮೊದಲು ಓದು, ಆಮೇಲೆ ಅಳಿಸು, ಕೊನೆಗೆ ಅಳೆ

ರೇಡ್ ಕಂಟ್ರೋಲರ್ ಹಿಂದೆ ಡಿಸ್ಕಿನ ನಿಜ ಸ್ಥಿತಿ ಕಾಣುವುದಿಲ್ಲ. ಪರ್ಕ್ ಎಚ್730 ಎಂಬ ಡೆಲ್ ರೇಡ್ ಕಂಟ್ರೋಲರ್‌ನಲ್ಲಿ ಹಳೆಯ ವರ್ಚುವಲ್ ಡಿಸ್ಕ್‌ಗಳನ್ನು ತೆಗೆದು ಎಚ್‌ಬಿಎ ಮೋಡ್‌ಗೆ ಬದಲಿಸಿದರೆ ಪ್ರತಿ ಡಿಸ್ಕೂ ಲಿನಕ್ಸ್‌ಗೆ ನೇರ ಸಿಗುತ್ತದೆ. 'ಫಾರಿನ್' ಎಂದು ತೋರಿದರೆ ಇಂಪೋರ್ಟ್ ಮಾಡಬೇಡಿ, ಅದು ಹಿಂದಿನವರ ರೇಡ್‌ನ ಗುರುತು, ಕ್ಲಿಯರ್ ಮಾಡಿ.

ಡಿಸ್ಕ್ ತಾನೇ ಇಡುವ ಆರೋಗ್ಯದ ಲೆಕ್ಕ ಓದುವ ಸ್ಮಾರ್ಟ್‌ಸಿಟಿಎಲ್ ಪ್ರೋಗ್ರಾಮಿನಿಂದ ಪೂರ್ತಿ ವರದಿ ತೆಗೆಯಿರಿ. ಸಾಟಾ ಡಿಸ್ಕ್‌ನಲ್ಲಿ 5 (ಬದಲಿ ಜಾಗಕ್ಕೆ ಸರಿಸಿದ ಸೆಕ್ಟರ್‌ಗಳು), 197 (ಅನುಮಾನದಲ್ಲಿರುವ ಸೆಕ್ಟರ್‌ಗಳು), 198 (ತಿದ್ದಲಾಗದ ಸೆಕ್ಟರ್‌ಗಳು) ಈ ಮೂರು ಸಾಲುಗಳ ಮೂಲ ಅಂಕಿ ಸೊನ್ನೆ ಇರಬೇಕು. 199ನೇ ಸಾಲು ಏರಿದ್ದರೆ ತಪ್ಪು ಡಿಸ್ಕ್‌ದಲ್ಲ, ಕೇಬಲ್‌ದು ಅಥವಾ ಡಿಸ್ಕ್‌ಗಳು ಸಿಕ್ಕಿಕೊಳ್ಳುವ ಬ್ಯಾಕ್‌ಪ್ಲೇನ್ ಬೋರ್ಡಿನದು. 197ರಲ್ಲಿ ಅಂಕಿ ಇದ್ದು, ಇಡೀ ಡಿಸ್ಕ್ ಬರೆದ ಮೇಲೆ ಅದು ಸೊನ್ನೆಯಾಗಿ 5ನೇ ಸಾಲೂ ಏರದಿದ್ದರೆ ಆ ಡಿಸ್ಕ್ ಉಳಿಯಬಹುದು. 5 ಏರಿದರೆ ಬೇಡ. ಸ್ಯಾಸ್ ಡಿಸ್ಕ್‌ನಲ್ಲಿ ಈ ಸಾಲುಗಳಿರುವುದಿಲ್ಲ. ಅಲ್ಲಿ ಗ್ರೋನ್ ಡಿಫೆಕ್ಟ್ (ಬಳಕೆಯಲ್ಲಿ ಹುಟ್ಟಿದ ದೋಷ) ಪಟ್ಟಿ ಮತ್ತು ತಿದ್ದಲಾಗದ ದೋಷಗಳ ಅಂಕಣ ನೋಡಿ. ಓಡಿದ ಗಂಟೆಗಳನ್ನೂ ಬರೆಯಿರಿ: 43,800 ಗಂಟೆ ಎಂದರೆ ಐದು ವರ್ಷ ಹಗಲಿರುಳು ತಿರುಗಿದ ಡಿಸ್ಕ್. ಓಡುತ್ತಿದ್ದರೂ ಅದನ್ನು ಮುಖ್ಯ ದತ್ತಾಂಶಕ್ಕೆ ಕೊಡಬೇಡಿ.

ದೊಡ್ಡ ಸ್ಟೋರೇಜ್ ಪೆಟ್ಟಿಗೆಗಳಿಂದ ಬಂದ ಸ್ಯಾಸ್ ಡಿಸ್ಕ್‌ಗಳು ಕೆಲವೊಮ್ಮೆ 520 ಬೈಟ್ ಸೆಕ್ಟರ್‌ನವು. ಮಾಮೂಲಿ ಸರ್ವರ್ ಇವನ್ನು ಬಳಸಲಾಗದು ಎನ್ನುತ್ತದೆ, ಡಿಸ್ಕ್ ಕೆಟ್ಟಿರುವುದಿಲ್ಲ. ಎಸ್‌ಜಿ-ಫಾರ್ಮ್ಯಾಟ್ ಎಂಬ ಪ್ರೋಗ್ರಾಮಿನಿಂದ 512ಕ್ಕೆ ಫಾರ್ಮ್ಯಾಟ್ ಮಾಡಿದರೆ ಸರಿಹೋಗುತ್ತದೆ. ಇದಕ್ಕೆ ಹಲವು ಗಂಟೆ ಬೇಕು. ನಡುವೆ ಕರೆಂಟ್ ಹೋದರೆ ಮತ್ತೆ ಮೊದಲಿನಿಂದ.

ಈಗ ಅಳಿಸುವುದು. ಅಮೆರಿಕದ ಎನ್‌ಐಎಸ್‌ಟಿ ಸಂಸ್ಥೆಯ 800-88 ಮಾರ್ಗಸೂಚಿ ಇದಕ್ಕೆ ಎಲ್ಲೆಡೆ ಆಧಾರ. ತಿರುಗುವ ಡಿಸ್ಕ್‌ಗೆ ಇಡೀ ಮೇಲ್ಮೈ ಮೇಲೆ ಒಂದು ಸಲ ಬರೆದು ಪರಿಶೀಲಿಸಿದರೆ ಸಾಕು, ಏಳು ಸಲ ಬರೆಯುವುದು ಹಳೆಯ ಭಯ. ಎನ್‌ವೈಪ್ ಎಂಬ ಪ್ರೋಗ್ರಾಮ್ ಈ ಕೆಲಸಕ್ಕೆ ಸರಿ. 4 ಟಿಬಿ ಡಿಸ್ಕ್ ಸೆಕೆಂಡಿಗೆ ಸರಾಸರಿ 150 ಎಂಬಿಯಂತೆ ಬರೆದರೆ ಏಳೂವರೆ ಗಂಟೆ, ಓದಿ ಪರಿಶೀಲಿಸಲು ಇನ್ನಷ್ಟೇ. ಎಸ್‌ಎಸ್‌ಡಿಗೆ ಮಾತ್ರ ಈ ದಾರಿ ಬೇಡ: ಹೊರಗಿನಿಂದ ಮುಟ್ಟಲಾಗದ ಮೀಸಲು ಜಾಗ ಅದರೊಳಗಿದೆ, ಅಲ್ಲಿ ಹಳೆಯ ದತ್ತಾಂಶ ಉಳಿಯುತ್ತದೆ. ಡಿಸ್ಕ್‌ನದೇ ಸೆಕ್ಯೂರ್ ಇರೇಸ್ ಅಥವಾ ಸ್ಯಾನಿಟೈಸ್ ಆಜ್ಞೆ ಬಳಸಿ. 'ಫ್ರೋಜನ್' (ಅಳಿಸುವ ಆಜ್ಞೆಗೆ ಬೀಗ ಬಿದ್ದಿದೆ) ಎಂದು ಹಟ ಹಿಡಿದರೆ ಯಂತ್ರ ಚಾಲೂ ಇರುವಾಗಲೇ ಕ್ಯಾಡಿ (ಡಿಸ್ಕ್ ಹಿಡಿಯುವ ಚೌಕಟ್ಟು) ಸಮೇತ ಹೊರಗೆಳೆದು ಹತ್ತು ಸೆಕೆಂಡ್ ಬಿಟ್ಟು ಮತ್ತೆ ಸೇರಿಸಿ. ಅಳಿಸುವಿಕೆ ಪೂರ್ತಿಯಾಗದ ಯಾವ ಡಿಸ್ಕೂ ಇಡಿಯಾಗಿ ಹೊರಗೆ ಹೋಗಕೂಡದು, ಪುಡಿಯಾಗಿಯೇ ಹೋಗಬೇಕು.

ಡಿಸ್ಕ್ ಅಳಿಸಿದೊಡನೆ ದತ್ತಾಂಶ ಹೋಯಿತು ಎಂದುಕೊಳ್ಳುವವರೇ ಹೆಚ್ಚು. ಆರ್730ರೊಳಗೆ ಎರಡು ಎಸ್‌ಡಿ ಕಾರ್ಡ್ ಹಿಡಿಯುವ ಮಾಡ್ಯೂಲ್ ಇರಬಹುದು, ಅದರಲ್ಲಿ ವರ್ಚುವಲ್ ಯಂತ್ರಗಳನ್ನು ಓಡಿಸುವ ವಿಎಂವೇರ್ ತಂತ್ರಾಂಶ ಕೂತಿರುತ್ತದೆ. ಬೋರ್ಡಿನ ಮೇಲೆ ಒಳಗಿನ ಯುಎಸ್‌ಬಿ ಪೋರ್ಟ್ ಇದೆ, ಅಲ್ಲಿ ಮರೆತ ಪೆನ್‌ಡ್ರೈವ್ ಸಿಗುತ್ತದೆ. ಐಡ್ರಾಕ್‌ಗೆ ತನ್ನದೇ ವಿಫ್ಲಾಶ್ ಎಸ್‌ಡಿ ಸ್ಲಾಟ್ ಇದೆ. ಐಡ್ರಾಕ್ ಸೆಟ್ಟಿಂಗ್‌ನಲ್ಲಿ ಹಿಂದಿನ ಸಂಸ್ಥೆಯ ಬಳಕೆದಾರರ ಹೆಸರು, ಡೈರೆಕ್ಟರಿ ಸರ್ವರ್ ವಿಳಾಸ ಇರುತ್ತವೆ. ಕೊನೆಯಲ್ಲಿ ಎಫ್10 ಒತ್ತಿ ಲೈಫ್‌ಸೈಕಲ್ ಕಂಟ್ರೋಲರ್‌ನಲ್ಲಿ ಯಂತ್ರ ನಿವೃತ್ತಿಗೊಳಿಸುವ ಆಯ್ಕೆಯಿಂದ ಐಡ್ರಾಕ್‌ನ ಈ ಮಾಹಿತಿಯನ್ನು ಅಳಿಸಿ, ಎಸ್‌ಡಿ ಕಾರ್ಡ್, ಪೆನ್‌ಡ್ರೈವ್‌ಗಳನ್ನು ಕೈಯಿಂದಲೇ ತೆಗೆಯಿರಿ, ಗುಪ್ತ ಕೀಲಿಗಳನ್ನು ಇಡುವ ಟಿಪಿಎಂ ಚಿಪ್ ಇದ್ದರೆ ಅದನ್ನೂ ಕ್ಲಿಯರ್ ಮಾಡಿ. ಹೊರಮೈಯ ಆಸ್ತಿ ಸಂಖ್ಯೆಯ ಸ್ಟಿಕ್ಕರ್, ಐಪಿ ವಿಳಾಸ ಬರೆದ ಪಟ್ಟಿ ಕೂಡ ಕೀಳಬೇಕು.

ಎಚ್730ರ ಬ್ಯಾಟರಿಯನ್ನೂ ನೋಡಿ. ಅದು ದುರ್ಬಲವಾದಾಗ ಕಂಟ್ರೋಲರ್ ರೈಟ್-ಬ್ಯಾಕ್‌ನಿಂದ (ಮೊದಲು ಕ್ಯಾಶ್‌ಗೆ ಬರೆಯುವ ರೀತಿ) ರೈಟ್-ಥ್ರೂಗೆ (ನೇರ ಡಿಸ್ಕ್‌ಗೆ ಬರೆಯುವ ರೀತಿ) ಇಳಿಯುತ್ತದೆ, ಬರೆಯುವ ವೇಗ ಪಾತಾಳಕ್ಕೆ ಹೋಗುತ್ತದೆ. ಕೊಂಡವರು 'ಡಿಸ್ಕ್ ನಿಧಾನ' ಎಂದು ದೂರುವುದು ಇದಕ್ಕೇ. ಉಬ್ಬಿದ ಬ್ಯಾಟರಿಯನ್ನು ಒತ್ತದೆ ತೆಗೆದು, ಬ್ಯಾಟರಿ ತ್ಯಾಜ್ಯ ಪಡೆಯುವವರಿಗೇ ಕೊಡಿ.

ಊರುಗೋಲು ಕಿತ್ತು ನೋಡುವುದು

ಫರ್ಮ್‌ವೇರ್ ಹೊಸದು ಮಾಡುವ ಸಮಯ ಈಗ: ಮೊದಲು ಐಡ್ರಾಕ್, ಆಮೇಲೆ ಬಯಾಸ್, ಕೊನೆಗೆ ಕಂಟ್ರೋಲರ್ ಮತ್ತು ನೆಟ್‌ವರ್ಕ್ ಕಾರ್ಡ್. ಬಹಳ ಹಳೆಯ ಆವೃತ್ತಿಯಿಂದ ಒಂದೇ ನೆಗೆತಕ್ಕೆ ಹೋಗದೆ ನಡುವಿನ ಒಂದೆರಡು ಮೆಟ್ಟಿಲು ಹತ್ತಿ.

ಮುಚ್ಚಳ ಮತ್ತು ಗಾಳಿ ಹಾಯಿಸುವ ಪ್ಲಾಸ್ಟಿಕ್ ಹೊದಿಕೆ ಹಾಕಿಯೇ ಲೋಡ್ ಕೊಡಿ. ಮುಚ್ಚಳ ತೆಗೆದರೆ ತಂಪಾಗುತ್ತದೆ ಎಂಬುದು ತಪ್ಪು, ಗಾಳಿ ಪ್ರೊಸೆಸರ್ ತಪ್ಪಿಸಿ ಸುಲಭದ ದಾರಿ ಹಿಡಿಯುತ್ತದೆ. ಸ್ಟ್ರೆಸ್-ಎನ್‌ಜಿ ಎಂಬ ಹೊರೆ ಹಾಕುವ ಪ್ರೋಗ್ರಾಮನ್ನು ಎಲ್ಲಾ ಕೋರ್‌ಗಳ ಮೇಲೆ, ಮೆಮೊರಿಯ ಶೇಕಡಾ 80ರಷ್ಟು ಹಿಡಿಯುವಂತೆ, ಫಲಿತಾಂಶ ತಾಳೆ ನೋಡುವ ಆಯ್ಕೆಯೊಡನೆ 24 ಗಂಟೆ ಓಡಿಸಿ. ಎರಡು ಪ್ರೊಸೆಸರ್‌ಗಳ ಉಷ್ಣಾಂಶದಲ್ಲಿ 10 ಡಿಗ್ರಿಗಿಂತ ಹೆಚ್ಚು ಅಂತರ ಇದ್ದರೆ ಬಿಸಿಯಾದದ್ದರ ಪೇಸ್ಟ್ ಮತ್ತು ಸ್ಕ್ರೂ ಮತ್ತೆ ನೋಡಿ. ವೇಗ 1.2 ಗಿಗಾಹರ್ಟ್ಸ್‌ಗೆ ಕುಸಿದು ಅಲ್ಲೇ ನಿಂತರೆ ಪ್ರೊಸೆಸರನ್ನು ದೂರುವ ಮೊದಲು ಪವರ್ ಸಪ್ಲೈ ಮತ್ತು ಬಯಾಸ್‌ನ ವಿದ್ಯುತ್ ಮಿತಿ ಪರೀಕ್ಷಿಸಿ.

ಲೋಡ್ ಇರುವಾಗಲೇ ಒಂದು ಪವರ್ ಸಪ್ಲೈನ ಕೇಬಲ್ ಕೀಳಿ. ಯಂತ್ರ ಕಣ್ಣು ಮಿಟುಕಿಸದೆ ಓಡಬೇಕು, ಲಾಗ್‌ನಲ್ಲಿ ಸಾಲು ಬೀಳಬೇಕು. ಒಂದು ಗಂಟೆ ಹಾಗೇ ಬಿಟ್ಟು ಸಿಕ್ಕಿಸಿ, ಆಮೇಲೆ ಇನ್ನೊಂದರ ಸರದಿ. ಎರಡೂ ಸಪ್ಲೈಗಳು ಒಂದೇ ವ್ಯಾಟಿನವಾಗಿರಲಿ. 750 ಮತ್ತು 1100 ಬೆರೆಸಿದರೆ ಯಂತ್ರ ಹೊಂದಾಣಿಕೆ ಇಲ್ಲವೆಂದು ತಕರಾರು ತೆಗೆಯುತ್ತದೆ. ಆರು ಫ್ಯಾನ್‌ಗಳ ವೇಗವನ್ನು ಐಡ್ರಾಕ್‌ನಲ್ಲಿ ಪಕ್ಕಪಕ್ಕ ಇಟ್ಟು ಓದಿ. ಉಳಿದೈದರಿಂದ ಎದ್ದು ಕಾಣುವಷ್ಟು ಬೇರೆಯಾದದ್ದನ್ನು ಹೊರತೆಗೆದು ಬೆರಳಲ್ಲಿ ತಿರುಗಿಸಿ. ಗರಗರ ಅನಿಸಿದರೆ ಬದಲಿಸಿ.

ನೆಟ್‌ವರ್ಕ್‌ನ ಪ್ರತಿ ಪೋರ್ಟನ್ನೂ ಬೇರೆ ಬೇರೆಯಾಗಿ ಐಪರ್ಫ್3 ಎಂಬ ವೇಗ ಅಳೆಯುವ ಪ್ರೋಗ್ರಾಮಿನಿಂದ ಹತ್ತು ನಿಮಿಷ ಓಡಿಸಿ. 1 ಗಿಗಾಬಿಟ್ ಪೋರ್ಟ್ ಸುಮಾರು 940 ಮೆಗಾಬಿಟ್ ಕೊಡಬೇಕು. ಲೈಟ್ ಹತ್ತಿತು ಎಂದು ಬಿಟ್ಟರೆ 100ಕ್ಕೆ ಇಳಿದ ಪೋರ್ಟ್ ತಪ್ಪಿಸಿಕೊಳ್ಳುತ್ತದೆ. ಗೊತ್ತಿರುವ ಒಳ್ಳೆಯ ಡಿಸ್ಕ್ ಒಂದನ್ನು ಎಲ್ಲಾ ಬೇಗಳಿಗೂ (ಡಿಸ್ಕ್ ಕೂರುವ ಗೂಡುಗಳಿಗೂ), ಒಳ್ಳೆಯ ಕಾರ್ಡ್ ಒಂದನ್ನು ಎಲ್ಲಾ ಪಿಸಿಐ ಸ್ಲಾಟ್‌ಗಳಿಗೂ ಸುತ್ತಿಸಿ.

ಕೊನೆಗೆ ಲಾಗ್ ಅಳಿಸಿ, ಗಡಿಯಾರ ಸರಿಮಾಡಿ, ಎಲ್ಲಾ ಲೋಡನ್ನೂ ಒಟ್ಟಿಗೆ 24 ಗಂಟೆ ಹಾಕಿ. ನಂತರ ಹತ್ತು ಸಲ ತಣ್ಣನೆಯ ಬೂಟ್: ಪ್ರತಿ ಸಲ ಎರಡೂ ಕೇಬಲ್ ಕಿತ್ತು ಐದು ನಿಮಿಷ ಬಿಡಿ. ಬಿಸಿ ಇದ್ದಾಗ ಸರಿಯಾಗಿದ್ದು ತಣ್ಣಗಾದಾಗ ಸಂಪರ್ಕ ಬಿಡುವ ಬೆಸುಗೆ ಇಲ್ಲೇ ಸಿಕ್ಕಿಬೀಳುತ್ತದೆ. ಒಂದು ರಾತ್ರಿ ಕೇಬಲ್ ಇಲ್ಲದೆ ಇಟ್ಟು ಬೆಳಿಗ್ಗೆ ಗಡಿಯಾರ ನೋಡಿ. ಲಾಗ್‌ನಲ್ಲಿ ನೀವೇ ಕೇಬಲ್ ಕಿತ್ತ ಸಾಲುಗಳ ಹೊರತು ಏನೂ ಇರಬಾರದು.

ವರದಿ, ಪ್ಯಾಕಿಂಗ್

ವರದಿಯಲ್ಲಿ ಸರ್ವಿಸ್ ಟ್ಯಾಗ್, ಬಿಡಿಭಾಗಗಳ ಪಟ್ಟಿ, ಏನು ಬದಲಾಯಿತು, ಫರ್ಮ್‌ವೇರ್ ಆವೃತ್ತಿಗಳು, ಪ್ರತಿ ಡಿಸ್ಕ್‌ನ ಸೀರಿಯಲ್ ನಂಬರ್, ಓಡಿದ ಗಂಟೆ, ಅಳಿಸಿದ ವಿಧಾನ ಮತ್ತು ತಾರೀಖು ಇರಲಿ. ಸುಮ್ಮನಿದ್ದಾಗ ಮತ್ತು ಪೂರ್ತಿ ಲೋಡ್‌ನಲ್ಲಿ ಎಷ್ಟು ವ್ಯಾಟ್ ಎಳೆಯುತ್ತದೆ ಎಂದೂ ಬರೆಯಿರಿ. ಸರಾಸರಿ 150 ವ್ಯಾಟ್ ಎಳೆಯುವ ಯಂತ್ರ ತಿಂಗಳಿಗೆ 108 ಯೂನಿಟ್ ತಿನ್ನುತ್ತದೆ. ಮನೆಯಲ್ಲಿ ಕಲಿಯಲೆಂದು ಕೊಳ್ಳುವ ವಿದ್ಯಾರ್ಥಿಗೆ ಇದು ಯಂತ್ರದ ಬೆಲೆಯಷ್ಟೇ ಮುಖ್ಯ. ಇದನ್ನೇ ವ್ಯಾಪಾರವಾಗಿ ಮಾಡುವವರು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪೋರ್ಟಲ್‌ನಲ್ಲಿ ನೋಂದಾಯಿಸಿಕೊಳ್ಳಬೇಕು. ತಿರಸ್ಕರಿಸಿದ ಬೋರ್ಡು, ಡಿಸ್ಕ್ ಪುಡಿ ನೋಂದಾಯಿತ ರೀಸೈಕ್ಲರ್‌ಗೇ ಹೋಗಬೇಕು.

ಸಾಗಿಸುವಾಗ ಡಿಸ್ಕ್‌ಗಳನ್ನು ಹೊರತೆಗೆದು ಆಂಟಿಸ್ಟ್ಯಾಟಿಕ್ ಚೀಲದಲ್ಲಿ, ಬೇ ಸಂಖ್ಯೆ ಬರೆದು, ಬೇರೆ ಡಬ್ಬಿಯಲ್ಲಿ ಇಡಿ. ಖಾಲಿ ಬೇಗಳಿಗೆ ಬ್ಲ್ಯಾಂಕ್ (ಗೂಡು ಮುಚ್ಚುವ ಖಾಲಿ ತುಂಡು) ಹಾಕಿ, ಇಲ್ಲದಿದ್ದರೆ ಕೊಂಡವರ ಮನೆಯಲ್ಲಿ ಗಾಳಿ ದಾರಿ ತಪ್ಪುತ್ತದೆ. ಒಂದೇ ಪ್ರೊಸೆಸರ್ ಇರುವ ಯಂತ್ರದ ಖಾಲಿ ಸಾಕೆಟ್ಟಿಗೆ ಪಿನ್ ಮುಚ್ಚುವ ಕವಚ ಮರೆಯಬೇಡಿ. ಸುತ್ತಲೂ 5 ಸೆಂಟಿಮೀಟರ್ ಗಟ್ಟಿ ಫೋಮ್, ಮಲಗಿಸಿಯೇ ಸಾಗಣೆ. ಪೆಟ್ಟಿಗೆ ತೆರೆದೊಡನೆ ಕಾಣುವಂತೆ ಒಂದು ಹಾಳೆ ಇಡಿ: 'ಕರೆಂಟ್ ಕೊಡುವ ಮುಂಚೆ ಮುಚ್ಚಳ ತೆಗೆದು ರ‍್ಯಾಮ್, ರೈಸರ್ ಒತ್ತಿ ನೋಡಿ. ಡಿಸ್ಕ್‌ಗಳನ್ನು ಸಂಖ್ಯೆಯಂತೆ ಹಾಕಿ. ಐಡ್ರಾಕ್ ಪಾಸ್‌ವರ್ಡ್ ಮೊದಲ ದಿನವೇ ಬದಲಿಸಿ, ಅದನ್ನು ಇಂಟರ್ನೆಟ್‌ಗೆ ನೇರ ಜೋಡಿಸಬೇಡಿ.'